ತುಕ್ರ, ದೂಮಪ್ಪ, ಅಕ್ಕು: ಮುಂಬಯಿಯಲ್ಲಿ ನಮ್ಮ ಹೆಸರುಗಳು



ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರ ಮನೆಯ ಮದುವೆ ಕಾಗದವನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ ನೋಡಿ. ದೇವರ, ದೈವಗಳ ಹೆಸರು ಮುಗಿದ ಮೇಲೆ ಮೊದಲ ಸಾಲಿನಲ್ಲಿ ಅಜ್ಜ ಅಜ್ಜಿ ಇರುತ್ತಾರೆ: ದಿವಂಗತ ದೂಮಪ್ಪ, ದಿವಂಗತ ಅಕ್ಕು. ಅದರ ಕೆಳಗೆ ತಂದೆ ತಾಯಿ: ಸದಾನಂದ, ಸರೋಜಿನಿ. ಆಮೇಲೆ ದಪ್ಪಕ್ಷರದಲ್ಲಿ ಮದುಮಗ: ನಿಖಿಲ್. ಕೊನೆಯಲ್ಲಿ, ಮಾಮನ ಮದುವೆಗೆ ಬನ್ನಿ ಎಂದು ಕರೆಯುವ ಪುಟ್ಟ ಮಕ್ಕಳ ಸಾಲು: ಆರವ್, ವಿಹಾನ್, ಅನ್ವಿ. ನಾನು ಹೇಳುತ್ತಿರುವುದು ಯಾವುದೋ ಒಂದು ಮನೆಯ ಕಾಗದವಲ್ಲ. ಕುರ್ಲಾದಲ್ಲಿ, ಸಾಂತಾಕ್ರೂಜಿನಲ್ಲಿ, ಡೊಂಬಿವಲಿಯಲ್ಲಿ ನಡೆಯುವ ನೂರಾರು ಮದುವೆಗಳ ಕಾಗದ ಹೆಚ್ಚು ಕಡಿಮೆ ಹೀಗೇ ಇರುತ್ತದೆ.

ಈ ನಾಲ್ಕು ಸಾಲುಗಳ ನಡುವೆ ಸುಮಾರು ನೂರು ವರ್ಷ ಇದೆ. ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿ ಬೊಂಬಾಯಿಯಲ್ಲಿ ಇಳಿದವರ ಕಾಲ, ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರ ಕಾಲ, ಬ್ಯಾಂಕಿಗೂ ಕಂಪೆನಿಗೂ ಲೋಕಲ್ ಟ್ರೈನಿನಲ್ಲಿ ಹೋಗಿ ಬಂದವರ ಕಾಲ, ಈಗ ದೇಶ ಬಿಟ್ಟು ಹೋಗಲು ಸಿದ್ಧರಾಗುತ್ತಿರುವ ಮಕ್ಕಳ ಕಾಲ. ಹೆಸರಿನ ಫ್ಯಾಶನ್ ಬದಲಾಯಿತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆ ಮಾತು ನನಗೆ ಸಾಲದು. ಸೀರೆಯ ಅಂಚು ಬದಲಾಗುವುದು ಫ್ಯಾಶನ್. ದೂಮಪ್ಪ ಸದಾನಂದನಾದದ್ದು ಬೇರೆ ಕಾರಣಕ್ಕೆ, ಸದಾನಂದ ನಿಖಿಲ್ ಆದದ್ದು ಇನ್ನೊಂದು ಕಾರಣಕ್ಕೆ. ಆ ಕಾರಣಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಬಗ್ಗೆ ನಾಲ್ಕು ಮಾತಾಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ತುಳುನಾಡಿನಲ್ಲಿ ಮಗುವಿಗೆ ಹೆಸರು ಹುಡುಕಲು ಪುಸ್ತಕ ಬೇಕಿರಲಿಲ್ಲ. ಹುಟ್ಟಿದ ವಾರ ಗೊತ್ತಿದ್ದರೆ ಸಾಕಿತ್ತು. ಐತಾರ ಹುಟ್ಟಿದವನು ಐತ, ಐತಪ್ಪ. ಸೋಮವಾರದವನು ಸೋಮ ಅಥವಾ ಚೋಮ. ಮಂಗಳವಾರಕ್ಕೆ ತುಳುವಿನಲ್ಲಿ ಅಂಗಾರೆ ಎನ್ನುತ್ತಾರೆ, ಹಾಗಾಗಿ ಅಂಗಾರ. ಬುಧವಾರಕ್ಕೆ ಬೂದ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ ಅಥವಾ ಚನಿಯ. ಹೆಣ್ಣುಮಕ್ಕಳಿಗೂ ಇದೇ ಲೆಕ್ಕ, ಹೆಸರಿನ ತುದಿ ಮಾತ್ರ ಬೇರೆ. 1933ರಲ್ಲಿ ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದಾಗ ಆ ಸಂಸಾರಕ್ಕೆ ಅವರು ಕೊಟ್ಟ ಹೆಸರುಗಳನ್ನು ನೆನಪಿಸಿಕೊಳ್ಳಿ. ತಂದೆ ಚೋಮ, ಮಕ್ಕಳಲ್ಲಿ ಒಬ್ಬ ಚನಿಯ, ಒಬ್ಬ ಗುರುವ. ಕಾರಂತರು ಕಲ್ಪಿಸಿಕೊಂಡ ಹೆಸರುಗಳಲ್ಲ ಇವು. ಆ ಕಾಲದ ಪುತ್ತೂರು, ಸುಳ್ಯದ ಗದ್ದೆಗಳಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದ ಹೆಸರುಗಳು.

ಹುಟ್ಟಿದ ವಾರವನ್ನೇ ಹೆಸರಾಗಿಸುವುದು ನಮ್ಮೊಬ್ಬರ ಪದ್ಧತಿಯೂ ಅಲ್ಲ. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಅಕಾನ್ ಜನರು ಮಕ್ಕಳಿಗೆ ಹೀಗೇ ಹೆಸರಿಡುತ್ತಾರೆ. ಅಲ್ಲಿ ಶುಕ್ರವಾರ ಹುಟ್ಟಿದ ಗಂಡು ಮಗು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ. ಘಾನಾದ ಸ್ವಾತಂತ್ರ್ಯ ಹೋರಾಟದ ನಾಯಕ ಕ್ವಾಮೆ ಎನ್‌ಕ್ರುಮಾ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಇಬ್ಬರೂ ಜಗತ್ತಿನ ಮುಂದೆ ಆ ವಾರದ ಹೆಸರನ್ನೇ ಹೊತ್ತು ನಿಂತರು. ಲೆಕ್ಕ ಹಾಕಿದರೆ ಕೋಫಿ ಅನ್ನಾನರ ಹೆಸರು ನಮ್ಮ ತುಕ್ರನ ಹೆಸರೇ. ಅವರ ಹೆಸರನ್ನು ಲೋಕವೆಲ್ಲ ಗೌರವದಿಂದ ಕರೆಯಿತು. ನಮ್ಮ ತುಕ್ರ ಮಾತ್ರ ಮುಂಬಯಿಗೆ ಬಂದು ಆ ಹೆಸರನ್ನು ಬಿಟ್ಟುಕೊಡಬೇಕಾಯಿತು. ಯಾಕೆ ಎಂಬುದೇ ನನ್ನ ಮಾತಿನ ನಡುಭಾಗ.

ತುಕ್ರ ಎಂಬ ಹೆಸರಿನಲ್ಲಿ ದೋಷವೇನೂ ಇರಲಿಲ್ಲ. ಆ ಹೆಸರನ್ನು ಊರಿನಲ್ಲಿ ಕೂಗುತ್ತಿದ್ದ ರೀತಿಯಲ್ಲಿ ಇತ್ತು. ಒಕ್ಕಲಿನವನಿಗೆ, ಮೂಲದ ಆಳಿಗೆ ಬರಿಯ ತುಕ್ರ. ಒಂದು ಮೆಟ್ಟಿಲು ಮೇಲಿನವನು ತುಕ್ರಪ್ಪ. ಅಪ್ಪ ಅಥವಾ ಅಣ್ಣ ಎಂದು ತನ್ನ ಹೆಸರಿಗೆ ಸೇರಿಸಿಕೊಳ್ಳಲು ಊರಿನಲ್ಲಿ ಒಂದು ಸ್ಥಾನ ಬೇಕಿತ್ತು. ವಯಸ್ಸು ಎಪ್ಪತ್ತಾದರೂ ಅಂಗಳದ ಹೊರಗೆ ನಿಂತವನು ಐತನೇ, ಬೂದನೇ. ಏಕವಚನ ಹೆಸರಿನ ಒಳಗೇ ಸೇರಿಕೊಂಡಿತ್ತು. ಅಂಥವನ ಮಗ ಬೊಂಬಾಯಿಯ ಹಡಗು ಹತ್ತಿದಾಗ ತಲೆಯ ಮೇಲಿನ ಪೆಟ್ಟಿಗೆಯನ್ನು ಮಾತ್ರ ಒಯ್ದು, ಹೆಸರನ್ನು ಬಂದರಿನಲ್ಲೇ ಇಳಿಸಿಬಿಡಬೇಕೆಂದು ಅವನಿಗೆ ಅನ್ನಿಸಿದ್ದರೆ ಅದರಲ್ಲಿ ಅಚ್ಚರಿಯೇನು?

ಈ ನಗರ ಅದಕ್ಕೆ ಅವಕಾಶ ಕೊಟ್ಟಿತು. ಇಲ್ಲಿ ಅವನ ಅಜ್ಜನನ್ನು ಬಲ್ಲವರು ಯಾರೂ ಇರಲಿಲ್ಲ. ಫೋರ್ಟಿನ ಸುತ್ತಮುತ್ತ ಕನ್ನಡದ ರಾತ್ರಿಶಾಲೆಗಳಿದ್ದವು. ಹೋಟೆಲಿನ ಮಾಣಿಗಳು, ಕ್ಯಾಂಟೀನಿನ ಹುಡುಗರು ಕೆಲಸ ಮುಗಿಸಿ ಅಲ್ಲಿ ಅಕ್ಷರ ಕಲಿತರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಈ ನಗರದಲ್ಲಿ ಕಟ್ಟಿಕೊಂಡ ಸಂಸ್ಥೆ. ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಇವರೆಲ್ಲ ವಿದ್ಯೆಯನ್ನೇ ಮೊದಲ ಕೆಲಸವೆಂದು ಹಿಡಿದವರು. ರಾತ್ರಿಶಾಲೆಯ ಹಾಜರಿ ಪುಸ್ತಕಕ್ಕೆ ಹೆಸರು ಬರೆಯುವಾಗ ಮಾಸ್ತರರು ಹುಡುಗನ ಮುಖ ನೋಡಿ, “ಸುಂದರ ಅಂತ ಬರೆಯಲೇನಪ್ಪಾ?” ಎಂದು ಕೇಳಿದ್ದನ್ನು ಕಣ್ಣು ತುಂಬಿಕೊಂಡು ಹೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಆ ಹುಡುಗನ ಬಾಳಿನಲ್ಲಿ ತನ್ನ ಹೆಸರಿನ ಬಗ್ಗೆ ಯಾರಾದರೂ ಅವನ ಒಪ್ಪಿಗೆ ಕೇಳಿದ್ದು ಅದೇ ಮೊದಲು.

ಸುಂದರ, ಆನಂದ, ಸದಾನಂದ, ಭಾಸ್ಕರ, ಶೇಖರ, ಸಂಜೀವ, ವಿಶ್ವನಾಥ, ನಾರಾಯಣ. ಹೆಂಗಸರಲ್ಲಿ ಸುಶೀಲ, ಸರೋಜಿನಿ, ವಸಂತಿ, ಲೀಲಾವತಿ, ಜಲಜ, ವನಜ. ಈ ತಲೆಮಾರಿನ ಹೆಸರುಗಳನ್ನು ಕೇಳಿದರೆ ಈಗಿನ ಮಕ್ಕಳಿಗೆ ಹಳೆಯ ಕಾಲದ್ದೆನಿಸುತ್ತದೆ. ಆದರೆ ಇವು ಬಂದಾಗ ಎಷ್ಟು ಹೊಸವಾಗಿದ್ದವು ಎಂದು ಯೋಚಿಸಬೇಕು. ತನಿಯನ ಮಗ ಸದಾನಂದ ಎಂದಾಗ, ಅದುವರೆಗೆ ಬೇರೆಯವರ ಮನೆಯ ತೊಟ್ಟಿಲಿಗೆ ಮೀಸಲಾಗಿದ್ದ ಸಂಸ್ಕೃತದ ಹೆಸರು ಅವನ ಮನೆಗೂ ಬಂತು. ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು, ದೇವಸ್ಥಾನದ ಬಾಗಿಲು ನಮಗೂ ತೆರೆದಿದೆ ಎಂದು ಬಿಲ್ಲವರಿಗೆ ತೋರಿಸಲು. ದೇವರ ಬಾಗಿಲು ತೆರೆದ ಮೇಲೆ ದೇವರ ಹೆಸರನ್ನು ಯಾರು ತಡೆಯಬಲ್ಲರು? ಹಾಗಾಗಿ ನಮ್ಮ ಹಳೆಯ ಚೆಂದದ ಹೆಸರುಗಳೆಲ್ಲ ಹೋದವು ಎಂದು ಯಾರಾದರೂ ಮರುಗಿದರೆ ನಾನು ಅವರ ಜತೆ ಪೂರ್ತಿ ಸೇರುವುದಿಲ್ಲ. ಆ ಹೆಸರು ಬಿಟ್ಟವರು ಬೇಕೆಂದೇ ಬಿಟ್ಟರು, ತಲೆಯೆತ್ತಿ ಬಿಟ್ಟರು.

ಹಾಗೆಂದು ಆ ಹೆಸರುಗಳನ್ನು ನಗೆಪಾಟಲು ಮಾಡುವುದನ್ನೂ ನಾನು ಒಪ್ಪಲಾರೆ. ನಮ್ಮ ನಾಟಕಗಳಲ್ಲಿ, ಈಚಿನ ಸಿನಿಮಾಗಳಲ್ಲಿ, ಪ್ರೇಕ್ಷಕರನ್ನು ನಗಿಸಲು ಬರುವ ಪೆದ್ದ ಆಳಿಗೆ ಹುಡುಕಿ ಹುಡುಕಿ ತ್ಯಾಂಪ ಎಂದೋ ಐತ ಎಂದೋ ಹೆಸರಿಡುತ್ತಾರೆ. ಹೆಸರು ಕೇಳಿದೊಡನೆ ಸಭೆ ನಗುತ್ತದೆ. ಆ ಸಭೆಯಲ್ಲಿ ಕೂತವರ ಅಜ್ಜಂದಿರ ಹೆಸರು ಅದೇ. ಆ ಹೆಸರಿನ ಮನುಷ್ಯ ಹಡಗಿನ ಚಾರ್ಜು ಸಾಲ ಮಾಡಿ ತಂದು, ಊರಿಗೆ ಮನಿಯಾರ್ಡರು ಕಳಿಸಿ, ತಮ್ಮಂದಿರನ್ನು ಓದಿಸಿದ. 2022ರ ‘ಕಾಂತಾರ’ ಚಿತ್ರದಲ್ಲಿ ಗುರುವ ಎಂಬ ಹೆಸರು ಮರ್ಯಾದೆಯಿಂದ ಬಂದದ್ದನ್ನು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಭಾರತದ ಎಲ್ಲ ಭಾಷೆಯವರೂ ಆ ಹೆಸರನ್ನು ನಗದೆ ಕೇಳಿಸಿಕೊಂಡರು.

ವಾರದ ಹೆಸರುಗಳ ಪಕ್ಕದಲ್ಲೇ ದೈವದ ಹೆಸರುಗಳಿದ್ದವು. ಧೂಮಾವತಿಯನ್ನು ನಂಬಿದ ಮನೆಯಲ್ಲಿ ದೂಮಪ್ಪ, ದೂಮಣ್ಣ. ಕೊರಗಜ್ಜನಿಗೆ ಹರಕೆ ಹೊತ್ತು ಹುಟ್ಟಿದವನು ಕೊರಗಪ್ಪ. ಗರಡಿಯ ವೀರರ ನೆನಪಿಗೆ ಕೋಟಿ, ಚೆನ್ನಯ, ಅವರ ತಾಯಿಯ ನೆನಪಿಗೆ ದೇಯಿ. ಇನ್ನು ಕೆಲವು ಹೆಸರುಗಳು ಭಯದಿಂದ ಹುಟ್ಟಿದವು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ಯಾರ ಕಣ್ಣೂ ಬೀಳದಂಥ ಹೆಸರಿಡುವುದು ಕನ್ನಡ ನಾಡಿನ ಉದ್ದಕ್ಕೂ ಇದ್ದ ರೂಢಿ. ತಿಪ್ಪ, ಗುಂಡ, ಹುಚ್ಚಪ್ಪ ಇವೆಲ್ಲ ಆ ಬಗೆಯವು. ಮರಾಠಿಯವರಲ್ಲಿ ಧೋಂಡು, ದಗಡು. ಎರಡಕ್ಕೂ ಕಲ್ಲು ಎಂದೇ ಅರ್ಥ. ಮೃತ್ಯು ಕಲ್ಲನ್ನು ಯಾಕೆ ಮುಟ್ಟೀತು ಎಂಬ ತಾಯಿಯ ಆಸೆ ಆ ಹೆಸರಿನಲ್ಲಿದೆ. ಹೆಂಗಸರ ವಿಶ್ವವಿದ್ಯಾಲಯ ಕಟ್ಟಿ, 1858ರಿಂದ 1962ರವರೆಗೆ ನೂರು ದಾಟಿ ಬಾಳಿದ ಮಹರ್ಷಿ ಕರ್ವೆಯವರ ಹೆಸರು ಧೋಂಡೋ ಕೇಶವ ಎಂಬುದನ್ನು ನೆನೆದರೆ ಆ ಹೆಸರಿನ ಮೇಲೆ ನನಗೊಂದು ಪ್ರೀತಿ.

ಇದೇ ರೂಢಿಗೆ ಒಂದು ಕಹಿ ಮುಖವೂ ಇತ್ತು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ನಮ್ಮ ಕಡೆ ಸಾಕಮ್ಮ, ಸಾಕವ್ವ ಎಂದರು. ಮಹಾರಾಷ್ಟ್ರದಲ್ಲಿ ನಕೋಶಿ, ನಕುಸಾ ಎಂದರು, ಬೇಡದವಳು ಎಂದು. ಇದು ಹಳೆಯ ಕಾಲದ ಮಾತೂ ಅಲ್ಲ. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಸರಕಾರವೇ ಸಮಾರಂಭ ನಡೆಸಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ತಮಗೆ ಬೇಕಾದ ಹೆಸರನ್ನು ಆ ಹುಡುಗಿಯರೇ ಆರಿಸಿಕೊಂಡರು. ಹಳೆಯ ಹೆಸರುಗಳನ್ನೆಲ್ಲ ಉಳಿಸಿ ಎಂದು ನಾನು ಹೇಳದಿರುವುದಕ್ಕೆ ಇದೂ ಒಂದು ಕಾರಣ. ಕೆಲವು ಹೆಸರುಗಳು ಹೋಗಲೇಬೇಕು.

ಈಗ ಮುಂಬಯಿಯ ಅರ್ಜಿಯ ಕಾಗದದ ಕಡೆಗೆ ಬರೋಣ. ನಮ್ಮ ಹೆಸರುಗಳನ್ನು ಸಿನಿಮಾಕ್ಕಿಂತ ಹೆಚ್ಚು ಬದಲಾಯಿಸಿದ್ದು ಈ ಕಾಗದ. ಊರಿನಲ್ಲಿ ಹೆಸರಿನ ಮುಂದೆ ಒಂದೋ ಎರಡೋ ಇನ್ಷಿಯಲ್ ಇರುತ್ತಿತ್ತು, ಮನೆಯದು, ಗುತ್ತಿನದು, ಊರಿನದು. ಇಲ್ಲಿಯ ಗುಮಾಸ್ತ ಕೇಳಿದ್ದು ಮೂರು: ನಿನ್ನ ಹೆಸರು, ತಂದೆಯ ಹೆಸರು, ಆಡನಾವು, ಅಂದರೆ ಮನೆತನದ ಹೆಸರು. ಬಂಟರು, ಬಿಲ್ಲವರು, ಮೊಗವೀರರು ಅಳಿಯಸಂತಾನದವರು. ಅವರಲ್ಲಿ ಮಗು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರುತ್ತದೆ. ತಂದೆ ಸಾಲ್ಯಾನ್ ಆಗಿದ್ದು ತಾಯಿ ಕೋಟ್ಯಾನ್ ಆಗಿದ್ದರೆ ಮಗ ಕೋಟ್ಯಾನ್. ತಂದೆಯ ಹೆಸರಿನ ಕೊನೆ ಒಂದು, ಮಗನದು ಇನ್ನೊಂದು! ಇದನ್ನು ಶಾಲೆಯ ಕಚೇರಿಗೆ, ಪಾಸ್‌ಪೋರ್ಟಿಗೆ, ರೇಶನ್ ಕಾರ್ಡಿಗೆ ವಿವರಿಸಿ ಹೇಳಿ ಎಷ್ಟು ಜನ ಸೋತರೋ. ಆಸ್ತಿಯ ಕಾನೂನೂ ಬದಲಾಯಿತು, 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯಿದೆ, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ. ಮುಂಬಯಿಯ ಮನೆಗಳಲ್ಲಿ ಮಕ್ಕಳು ಮೆಲ್ಲಗೆ ತಂದೆಯ ಆಡನಾವಿಗೆ ಬಂದರು. ತಾಯಿಯಿಂದ ಮಗಳಿಗೆ ನೂರಾರು ವರ್ಷ ಹರಿದು ಬಂದ ಬರಿಯ ಹೆಸರು ತಂದೆಯಿಂದ ಮಗನಿಗೆ ಹೋಗತೊಡಗಿತು. ಹೆಸರು ಅದೇ, ಹರಿಯುವ ದಿಕ್ಕು ತಿರುಗಿತು.

ಜತೆಗೆ ಇನ್ನೊಂದು ಸದ್ದಿಲ್ಲದೆ ಹೋಯಿತು. ಊರಿನಲ್ಲಿ ಗಂಡಸು ಶೆಟ್ಟಿಯಾದರೆ ಹೆಂಗಸು ಶೆಡ್ತಿ, ಗಂಡಸು ಪೂಜಾರಿಯಾದರೆ ಹೆಂಗಸು ಪೂಜಾರ್ತಿ. ಹೆಂಗಸಿಗೆ ಅವಳದ್ದೇ ಒಂದು ರೂಪ ಇತ್ತು. ಮುಂಬಯಿಯ ಕಾಗದದಲ್ಲಿ ಅವಳೂ ಶೆಟ್ಟಿ, ಅವಳೂ ಪೂಜಾರಿ. ಅವಳ ಹೆಸರಿನ ನಡುವೆ ಗಂಡನ ಹೆಸರು ಬಂದು ಕೂತಿತು. ಈಗ ಶೆಡ್ತಿ ಎಂಬ ಮಾತು ಹಳೆಯ ದಸ್ತಾವೇಜಿನಲ್ಲಿ, ಊರಿನ ಮುದುಕಿಯರ ಬಾಯಲ್ಲಿ ಮಾತ್ರ.

2024ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರಕಾರ ಒಂದು ನಿರ್ಣಯ ಮಾಡಿತು. ಆ ವರ್ಷ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಆಡನಾವು. ಈ ಸುದ್ದಿ ಓದಿದಾಗ ನಮ್ಮ ಸಮಾಜದವರು ಹೆಚ್ಚು ಗಮನ ಕೊಡಲಿಲ್ಲ. ನನಗಂತೂ ಇದು ದೊಡ್ಡ ವಿಷಯ. ತಾಯಿಯ ಕಡೆಯಿಂದ ತಮ್ಮನ್ನು ಗುರುತಿಸಿಕೊಳ್ಳುತ್ತಿದ್ದವರಿಗೆ ತಂದೆಯ ಹೆಸರು ಬರೆ ಎಂದು ಕಲಿಸಿದ ಅದೇ ನಗರ, ಎರಡು ಮೂರು ತಲೆಮಾರು ಕಳೆದ ಮೇಲೆ, ತಾಯಿಯ ಹೆಸರು ಮೊದಲು ಬರೆ ಎನ್ನುತ್ತಿದೆ. ಅಳಿಯಸಂತಾನ ಮರಳಿ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಶಾಲೆಗೆ ಸೇರುವ ಆರವ್‌ನ ದಾಖಲೆಯಲ್ಲಿ ಅವನ ತಾಯಿ ಇರುತ್ತಾಳೆ. ದೂಮಪ್ಪನವರಿಗೆ ಇದು ಸಹಜವಾಗಿ ಕಾಣುತ್ತಿತ್ತು.

ಹೆಸರು ಹೇಗೆ ಮುರಿದು ಹೊಸ ರೂಪ ತಾಳುತ್ತದೆ ಎಂಬುದಕ್ಕೆ ಈ ನಗರದ ಸಿನಿಮಾ ಲೋಕದಲ್ಲೇ ಒಂದು ಕನ್ನಡ ನಾಡಿನ ಉದಾಹರಣೆ ಇದೆ. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಒಬ್ಬ ಹುಡುಗ ಹುಟ್ಟಿದ. ಇಟ್ಟ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಚಿಕ್ಕಂದಿನಲ್ಲಿ ಏನೋ ಅಪಘಾತವಾಯಿತು, ಆ ಹೆಸರು ಆಗಿಬರಲಿಲ್ಲವೆಂದು ಮನೆಯವರು ಗುರುದತ್ತ ಎಂದು ಬದಲಾಯಿಸಿದರು. ಆ ಒಂದೇ ಹೆಸರು ಮುಂಬಯಿಯಲ್ಲಿ ಎರಡಾಗಿ ಗುರು ದತ್ ಆಯಿತು. ಎಷ್ಟೋ ಜನ ಅವರನ್ನು ಬಂಗಾಳಿ ಎಂದುಕೊಂಡರು. ಅವರ ಮಕ್ಕಳಿಗೆ ದತ್ ಎಂಬುದೇ ಆಡನಾವಾಯಿತು. ಕುಂದಾಪುರದ ಕಡೆಯ ಪಡುಕೋಣೆ ಎಂಬ ಹಳ್ಳಿಯ ಹೆಸರು ಆ ಸಂಸಾರದಿಂದ ಬಿಟ್ಟುಹೋಯಿತು. ಒಂದು ಮನೆಯಲ್ಲಿ ಒಂದೇ ತಲೆಮಾರಿನೊಳಗೆ ಇಷ್ಟೆಲ್ಲ ನಡೆಯಿತು.

ಸಾರಸ್ವತರಲ್ಲಿ, ಮರಾಠಿಗರಲ್ಲಿ ಇದ್ದ ಇನ್ನೊಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗಲಾರೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಯ ಹೊಸ ಹೆಸರನ್ನು ಬರೆಯುತ್ತಿದ್ದರು. ತವರಿನ ಶಾಂತಿ ಅಂದಿನಿಂದ ಮೀರಾ. ಕೆಲವರು ಹೊಸ ಹೆಸರನ್ನು ಪ್ರೀತಿಯಿಂದಲೇ ಉಟ್ಟುಕೊಂಡರು. ಆದರೆ ಇಪ್ಪತ್ತು ವರ್ಷ ಕರೆಸಿಕೊಂಡ ಹೆಸರಿಗೆ ಒಂದು ಸಂಜೆಯಲ್ಲಿ ಕೊನೆಯಾದರೆ ಮನಸ್ಸಿಗೆ ಏನೂ ಆಗದಿರಲು ಸಾಧ್ಯವೇ? ನನಗೆ ಗೊತ್ತಿರುವ ಹಿರಿಯ ಹೆಂಗಸೊಬ್ಬರು ತಮ್ಮ ತಮ್ಮಂದಿರು ಬಂದಾಗ ಮಾತ್ರ ತಮ್ಮ ನಿಜವಾದ ಹೆಸರು ಕೇಳಿಸಿಕೊಳ್ಳುತ್ತಿದ್ದರು. ಈಗ ಮುಂಬಯಿಯ ಎಷ್ಟೋ ಹುಡುಗಿಯರು ಹೆಸರು ಬದಲಿಸಿಕೊಳ್ಳುವುದಿಲ್ಲ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವುದೇ ಕೊನೆಯವರೆಗೆ. ಇದು ಒಳ್ಳೆಯದಾಯಿತೆಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಮಂಗಳೂರಿನ ಕ್ರೈಸ್ತರ ಹಳೆಯ ಹೆಸರುಗಳಲ್ಲೂ ಹುಟ್ಟಿದ ದಿನದ ನೆನಪು ಇತ್ತು. ಕ್ರಿಸ್ಮಸ್‌ಗೆ ಹುಟ್ಟಿದವನು ನಾತಾಲ್, ಈಸ್ಟರಿಗೆ ಹುಟ್ಟಿದವನು ಪಾಸ್ಕಾಲ್. 1930ರ ಜೂನ್ 3ರಂದು ಮಂಗಳೂರಿನಲ್ಲಿ ಒಬ್ಬ ಮಗ ಹುಟ್ಟಿದಾಗ ತಾಯಿ ಅವನಿಗೆ ಜಾರ್ಜ್ ಎಂದು ಹೆಸರಿಟ್ಟರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಹುಟ್ಟಿದ್ದೂ ಜೂನ್ 3ಕ್ಕೆ. ದೊರೆಯ ಹೆಸರು ಹೊತ್ತ ಆ ಹುಡುಗ ಮುಂಬಯಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಟ್ಯಾಕ್ಸಿಯವರನ್ನೂ ಹೋಟೆಲಿನವರನ್ನೂ ಮುನಿಸಿಪಾಲಿಟಿಯ ಕೆಲಸಗಾರರನ್ನೂ ಸಂಘಟಿಸಿ, 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದ. ಜಾರ್ಜ್ ಫರ್ನಾಂಡಿಸರ ಹೆಸರನ್ನು ಕೇಳಿದಾಗ ಯಾರಿಗೂ ದೊರೆ ನೆನಪಾಗುವುದಿಲ್ಲ. ಹೆಸರು ಇಟ್ಟವರದ್ದಲ್ಲ, ಹೊತ್ತವರದ್ದು.

ಉತ್ತರ ಕರ್ನಾಟಕದಿಂದ ಬಂದವರ ಕತೆ ಸ್ವಲ್ಪ ಬೇರೆ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರು ಮಲ್ಲಪ್ಪ, ಸಿದ್ದಪ್ಪ, ನಿಂಗಪ್ಪ, ಯಲ್ಲವ್ವ, ದುರ್ಗವ್ವ. ಅವರಲ್ಲಿ ಹಳೆಯ ಹೆಸರುಗಳು ಇನ್ನೂ ಉಳಿದಿವೆ, ಏಕೆಂದರೆ ಊರಿನ ಜಾತ್ರೆಗೆ ಪ್ರತಿ ವರ್ಷ ಹೋಗಿಬರುವ ನಂಟು ಉಳಿದಿದೆ. ಆದರೂ ಯಲ್ಲವ್ವನ ಮೊಮ್ಮಗಳು ಈಗ ರೇಣುಕಾ. ಸವದತ್ತಿಯ ಗುಡ್ಡದ ಮೇಲೆ ಕೂತ ದೇವಿಗೆ ಎರಡೂ ಹೆಸರೇ. ಅಜ್ಜಿಯನ್ನು ಬಿಡದೆ ಹೊಸ ಹೆಸರು ಇಡುವ ಈ ಉಪಾಯ ನನಗೆ ತುಂಬಾ ಹಿಡಿಸಿತು. 1979ರಲ್ಲಿ ಬಂದ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯ ನಾಯಕನ ಹೆಸರೂ ಇಂಥದ್ದೇ, ನಾಗಪ್ಪ. ಕಾರು, ಲಿಫ್ಟು, ಬೋರ್ಡ್ ರೂಮುಗಳ ಆ ಕಂಪೆನಿ ಲೋಕದಲ್ಲಿ ಅಪ್ಪ ಎಂದು ಕೊನೆಗೊಳ್ಳುವ ಹೆಸರಿನ ಮನುಷ್ಯ ಎಷ್ಟು ಒಂಟಿ ಎಂಬುದನ್ನು ಮುಂಬಯಿಯ ಕನ್ನಡಿಗರು ಅನುಭವದಿಂದ ಬಲ್ಲರು.

ಎಪ್ಪತ್ತರ ದಶಕದ ಹೊತ್ತಿಗೆ ನಮ್ಮ ಮನೆಗಳಲ್ಲಿ ರಮೇಶ್, ಸುರೇಶ್, ದಿನೇಶ್, ರಾಜೇಶ್‌ಗಳು ತುಂಬಿದ್ದರು, ಹುಡುಗಿಯರಲ್ಲಿ ಆಶಾ, ಉಷಾ, ಶೋಭಾ, ರೇಖಾ, ಹೇಮಾ. ಕನ್ನಡದಲ್ಲಿ ರಮೇಶ ಎಂದು ಬಾಯಿ ತೆರೆದು ಮುಗಿಯುತ್ತಿದ್ದ ಹೆಸರು ಹಿಂದಿಯ ಹಾಗೆ ರಮೇಶ್ ಎಂದು ಬಾಯಿ ಮುಚ್ಚಿಕೊಂಡಿತು. ಸುಶೀಲ ಸುಶೀಲಾ ಆದಳು. 1969ರ ‘ಆರಾಧನಾ’ದ ನಂತರ ರಾಜೇಶ್ ಖನ್ನಾ ಎಲ್ಲರ ಮನೆಯ ಹೆಸರಾದರು. ನಿಜಕ್ಕೂ ಅವರ ಹುಟ್ಟು ಹೆಸರು ಜತಿನ್.

ಸಿನಿಮಾದಷ್ಟೇ ಕ್ರಿಕೆಟ್ಟೂ ಈ ನಗರದ ತೊಟ್ಟಿಲುಗಳನ್ನು ತೂಗಿದೆ. ಸುನಿಲ್ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಎಂಬುದು ವೆಸ್ಟ್ ಇಂಡೀಸಿನ ರೋಹನ್ ಕನ್ಹಾಯರದ್ದು, ಜೈ ಎಂಬುದು ಹೈದರಾಬಾದಿನ ಜೈಸಿಂಹರದ್ದು, ವಿಶ್ವ ಎಂಬುದು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರದ್ದು. ಒಬ್ಬ ಮುಂಬಯಿಯ ಹುಡುಗನ ಹೆಸರಿನಲ್ಲಿ ಕನ್ನಡಿಗನೊಬ್ಬ ಸದಾ ಇದ್ದಾನೆ. ಮರಾಠಿ ಕವಿ ರಮೇಶ್ ತೆಂಡುಲ್ಕರರಿಗೆ ಸಚಿನ್ ದೇವ್ ಬರ್ಮನ್ನರ ಸಂಗೀತವೆಂದರೆ ಪ್ರಾಣ, 1973ರಲ್ಲಿ ಹುಟ್ಟಿದ ಮಗನಿಗೆ ಅದೇ ಹೆಸರು. ಆ ಮಗ ಬ್ಯಾಟು ಹಿಡಿದ ಮೇಲೆ ಹುಟ್ಟಿದ ಎಷ್ಟೋ ಸಚಿನ್‌ಗಳಿಗೆ, ಅವರಲ್ಲಿ ಶೆಟ್ಟಿ, ಪೂಜಾರಿ, ಕಾಮತರ ಮನೆಯವರೂ ಇದ್ದಾರೆ, ತಮ್ಮ ಹೆಸರು ತ್ರಿಪುರಾದ ರಾಜವಂಶದ ಒಬ್ಬ ಸಂಗೀತಗಾರನಿಂದ ಹರಿದು ಬಂದದ್ದೆಂದು ಗೊತ್ತಿರಲಾರದು.

ಈಗಿನ ಮಕ್ಕಳ ಹೆಸರುಗಳ ಬಗ್ಗೆ ನಮ್ಮ ವಯಸ್ಸಿನವರು ಗೊಣಗುವುದು ಹೆಚ್ಚು. ಅರ್ಥವೇ ಇಲ್ಲ, ನಾಲಿಗೆಗೆ ನಿಲ್ಲುವುದಿಲ್ಲ, ಎಲ್ಲ ಒಂದೇ ತರ ಕೇಳಿಸುತ್ತದೆ ಎಂದು. ನಾನು ಈ ಗೊಣಗಾಟಕ್ಕೆ ಸೇರುವವನಲ್ಲ. ಇವತ್ತಿನ ತಾಯಿ ತಂದೆ ಎರಡಕ್ಷರ, ಮೂರಕ್ಷರದ ಹೆಸರು ಹುಡುಕುವುದಕ್ಕೆ ಕಾರಣವಿದೆ. ಮಗು ನಾಳೆ ಪುಣೆಗೂ ಹೋದೀತು, ಟೊರಾಂಟೋಗೂ ಹೋದೀತು. ಅಲ್ಲಿಯವರ ಬಾಯಲ್ಲಿ ಮಗುವಿನ ಹೆಸರು ಮುರಿಯಬಾರದು. ತಾಯಿ ಗುಜರಾತಿ, ತಂದೆ ತುಳುವ ಆಗಿರುವ ಮನೆಯಲ್ಲಿ ಎರಡೂ ಅಜ್ಜಿಯರ ನಾಲಿಗೆಗೆ ಒಗ್ಗಬೇಕು. ಬೊಂಬಾಯಿಗೆ ಬಂದ ತನಿಯನ ಮಗನಿಗೆ ಸದಾನಂದ ಎಂಬ ಹೆಸರು ಏನು ಮಾಡಿಕೊಟ್ಟಿತೋ ಅದನ್ನೇ ಈ ಮಗುವಿಗೆ ವಿಹಾನ್ ಎಂಬ ಹೆಸರು ಮಾಡಿಕೊಡಲಿ ಎಂಬ ಆಸೆ ಅವರದು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಐಶ್ವರ್ಯಾ ರೈ ಅವರಿಗೆ 2011ರ ನವೆಂಬರಿನಲ್ಲಿ ಮಗಳು ಹುಟ್ಟಿದಾಗ ಹೆಸರು ಹೊರಬರಲು ತಿಂಗಳುಗಳೇ ಹಿಡಿದವು. ಕೊನೆಗೆ ಆರಾಧ್ಯಾ ಎಂದು ತಿಳಿದ ಮೇಲೆ ಆ ಹೆಸರು ನಮ್ಮ ನಾಮಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ಆ ಹುಡುಗಿಯರೆಲ್ಲ ಈಗ ಹೈಸ್ಕೂಲಿನ ವಯಸ್ಸಿಗೆ ಬರುತ್ತಿದ್ದಾರೆ. ಇನ್ನು ಐವತ್ತು ವರ್ಷಕ್ಕೆ ಆರಾಧ್ಯಾ ಎಂದರೆ ಅಜ್ಜಿಯ ಹೆಸರು ಎಂದಾಗುತ್ತದೆ, ಇವತ್ತು ಸರೋಜಿನಿ ಆದ ಹಾಗೆ.

ಕೆಲವು ಹಳೆಯ ಹೆಸರುಗಳು ತಿರುಗಿ ಬರುತ್ತಲೂ ಇವೆ. ಮೀರಾ, ತಾರಾ, ರುದ್ರ ಇವು ನಡುವಿನ ತಲೆಮಾರು ಮರೆತು, ಮೊಮ್ಮಕ್ಕಳು ಎತ್ತಿಕೊಂಡ ಹೆಸರುಗಳು. ಹಾಗೆ ತಿರುಗಿ ಬರುವುದು ಪುಸ್ತಕದಲ್ಲಿ, ಪುರಾಣದಲ್ಲಿ ಬರೆದಿಟ್ಟ ಹೆಸರುಗಳು ಮಾತ್ರ ಎಂಬುದನ್ನು ಗಮನಿಸಬೇಕು. ಐತಪ್ಪ, ಅಂಗಾರ, ಅಕ್ಕು, ದೂಮಪ್ಪ ಅಂಥ ಪುಸ್ತಕಗಳ ಹೆಸರುಗಳಲ್ಲ. ಮರೆತರೆ ಅವಕ್ಕೆ ಮರಳಿ ಬರುವ ದಾರಿ ಇಲ್ಲ. ಮಕ್ಕಳಿಗೆ ಈ ಹೆಸರುಗಳನ್ನೇ ಮತ್ತೆ ಇಡಿ ಎಂದು ನಾನು ಕೇಳುವುದಿಲ್ಲ. ತುಕ್ರ ಎಂಬ ಹೆಸರಿನಿಂದ ಬಿಡುಗಡೆ ಬಯಸಿದವನ ಮೊಮ್ಮಗನಿಗೆ ಅದನ್ನು ಮತ್ತೆ ಹೊರಿಸಲು ನಾನು ಯಾರು? ಆದರೆ ಮೊಮ್ಮಗನಿಗೆ ಅದು ಗೊತ್ತಿರಬೇಕು. ನಗೆಯಾಗಿ ಅಲ್ಲ, ನಾಚಿಕೆಯಾಗಿ ಅಲ್ಲ, ತನ್ನ ಮನೆಯ ಲೆಕ್ಕವಾಗಿ ಗೊತ್ತಿರಬೇಕು.

ನಮ್ಮ ಸಂಘಗಳು ಹೊರಡಿಸಿದ ಮಾಸಿಕಗಳಿವೆ: ‘ಮೊಗವೀರ’, ‘ಬಂಟರವಾಣಿ’, ‘ಅಕ್ಷಯ’, ‘ಗೋಕುಲವಾಣಿ’. ಅವುಗಳ ಹಳೆಯ ಸಂಚಿಕೆಗಳಲ್ಲಿ ದೇಣಿಗೆ ಕೊಟ್ಟವರ ಪಟ್ಟಿ, ಮದುವೆಯ ಸುದ್ದಿ, ಶ್ರದ್ಧಾಂಜಲಿಯ ಪುಟ ಸಿಕ್ಕರೆ ಅವು ಹೆಸರುಗಳ ಖಜಾನೆಯೇ ಸರಿ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಇಲ್ಲಿಯ ಕನ್ನಡಿಗರ ಬದುಕಿನ ಮೇಲೆ ಅಲ್ಲಿ ಸಂಶೋಧನೆ ನಡೆದಿದೆ. ಒಬ್ಬ ಯುವ ಸಂಶೋಧಕಿ ಈ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ದಶಕದಿಂದ ದಶಕಕ್ಕೆ ಹೆಸರು ಹೇಗೆ ಬದಲಾಯಿತೆಂದು ಬರೆದರೆ ನಮ್ಮ ವಲಸೆಯ ಒಂದು ಒಳಗಿನ ಚರಿತ್ರೆ ಸಿಕ್ಕೀತು.

ಅಷ್ಟರವರೆಗೆ ಪ್ರತಿ ಮನೆಯೂ ಮಾಡಬಹುದಾದ ಕೆಲಸವಿದೆ. ಮನೆಯ ಹಿರಿಯರ ಹತ್ತಿರ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಜ್ಜನ ಹೆಸರು ಮಾತ್ರವಲ್ಲ, ಅಜ್ಜನ ಅಪ್ಪ ಅಮ್ಮನದೂ. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ, ಮನೆಯಲ್ಲಿ ಕರೆದ ಹೆಸರು ಬೇರೆ ಆಗಿದ್ದರೆ ಎರಡನ್ನೂ ಬರೆಯಿರಿ, ಬದಲಿಸಿದವರು ಯಾರೆಂದು ಕೇಳಿ. ಇನ್ಷಿಯಲ್ ಇದ್ದರೆ ಅದು ಯಾವ ಮನೆಯದು, ಯಾವ ಊರಿನದು, ತಾಯಿಯ ಬರಿ ಯಾವುದು ಎಂದು ಕೇಳಿ. ಹೆಂಗಸರ ಹೆಸರನ್ನು ಮೊದಲು ಕೇಳಿ. ಮನೆಯಲ್ಲಿ ಎಲ್ಲರೂ ಅಮ್ಮ, ದೊಡ್ಡಮ್ಮ, ಅತ್ತೆ ಎಂದೇ ಕರೆದು ಕರೆದು, ಅವರು ಹೋದ ಮೇಲೆ ಮರಣಪತ್ರದಲ್ಲಿ ಬರೆಸುವಾಗ ಹುಟ್ಟು ಹೆಸರು ಯಾರಿಗೂ ನೆನಪಿರುವುದಿಲ್ಲ. ನನ್ನ ಅಜ್ಜಿಯ ಹೆಸರು ಅಕ್ಕು. ಅವರ ತಾಯಿಯ ಹೆಸರನ್ನು ಹೇಳಬಲ್ಲವರು ಈಗ ನಮ್ಮ ಕುಟುಂಬದಲ್ಲಿ ಒಬ್ಬರೇ ಇದ್ದಾರೆ, ಊರಿನಲ್ಲಿ, ತೊಂಬತ್ತು ದಾಟಿದವರು. ಈ ಮಳೆಗಾಲ ಕಳೆದೊಡನೆ ಅವರನ್ನು ನೋಡಲು ಹೊರಡುತ್ತಿದ್ದೇನೆ.